ವ್ಯೋಮಮೂರ್ತಿ ಅಲ್ಲಮಪ್ರಭುದೇವರು

ಕನ್ನಡ ನಾಡಿನ ಧಾರ್ಮಿಕ ಇತಿಹಾಸದಲ್ಲಿ ೧೨ನೆಯ ಶತಮಾನವು ಒಂದು ಮಹಾಪರ್ವಕಾಲ. ಅಂದು ಕಲ್ಯಾಣದಲ್ಲಿ ನೆರೆದ ಶಿವಶರಣರ ಸಮೂಹದಲ್ಲಿ ಬಸವಣ್ಣನವರು ಭಕ್ತಿಭಂಡಾರಿಗಳೆಂದೂ, ಚೆನ್ನಬಸವಣ್ಣನವರು ಷಟ್‌ಸ್ಥಲಜ್ಞಾನಿಗಳೆಂದೂ, ಸಿದ್ಧರಾಮೇಶ್ವರರು ಶಿವಯೋಗಿಗಳೆಂದೂ, ಮಹಾದೇವಿಯಕ್ಕನವರು ವೈರಾಗ್ಯನಿಧಿಯೆಂದೂ ಪ್ರಖ್ಯಾತರಾದರು. ಇವರೆಲ್ಲರ ನಡುವೆ ಶೂನ್ಯಸಿಂಹಾಸನವನ್ನೇರಿ ಅನುಭಾವಗೋಷ್ಠಿಗೆ ಅಧ್ಯಕ್ಷರಾಗಿದ್ದ ಅಲ್ಲಮಪ್ರಭುದೇವರನ್ನು ನಮ್ಮ ಹಿರಿಯರು ವ್ಯೋಮಮೂರ್ತಿ ಎಂದು ಕರೆದರು. ವ್ಯೋಮವೆಂದರೆ ಬಯಲು, ಮೂರ್ತಿಯೆಂದರೆ ಆಕಾರ. ಬಯಲಿಗೆ ಆಕಾರವೆಲ್ಲಿಯದು? ಆಕಾರವಿದ್ದ ಮೇಲೆ ಅದು ಬಯಲು ಹೇಗಾದೀತು? ಈ ಬಿರುದಿನಲ್ಲಿಯೇ ಒಂದು ಒಗಟು ಅಡಗಿದೆ.

ಇದು ಬರಿಯ ಶಬ್ದಚಮತ್ಕಾರವಲ್ಲ. ನಿತ್ಯವೂ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ವಿಭೂತಿ ಪತ್ರಿಗಳಿಂದ ಪೂಜಿಸುವ ಮನೆಗಳಿಂದ ಬಂದ ವಿದ್ಯಾರ್ಥಿಗಳು ಮೇಲಿನ ತರಗತಿಗಳಿಗೆ ಬಂದಾಗ ಸಹಜವಾಗಿಯೇ ಒಂದು ಪ್ರಶ್ನೆಯನ್ನೆತ್ತುತ್ತಾರೆ. ನಮ್ಮ ಪರಂಪರೆಯ ಅತ್ಯುನ್ನತ ಪೀಠದ ಹೆಸರು ಶೂನ್ಯಪೀಠ; ಅತ್ಯುನ್ನತ ಗ್ರಂಥದ ಹೆಸರು ಶೂನ್ಯಸಂಪಾದನೆ. ದೇವರು ಶೂನ್ಯನೇ ಆಗಿದ್ದರೆ ಪೂಜೆ ಸಲ್ಲುವುದು ಯಾರಿಗೆ? ದೇವರಿಲ್ಲವೆನ್ನುವ ನಾಸ್ತಿಕನಿಗೂ ದೇವರು ಶೂನ್ಯವೆನ್ನುವ ಶರಣನಿಗೂ ಭೇದವೇನು? ಇದು ಕುಚೋದ್ಯದ ಪ್ರಶ್ನೆಯಲ್ಲ. ಕೇಳಿದ ಮಕ್ಕಳನ್ನು ಗದರಿಸಿ ಕೂರಿಸುವುದರಿಂದ ಇದು ಅಡಗುವುದೂ ಇಲ್ಲ. ಇದಕ್ಕೆ ಸಮರ್ಪಕವಾದ ಉತ್ತರವು ಶಾಸ್ತ್ರವಾಕ್ಯಗಳಿಗಿಂತ ಹೆಚ್ಚಾಗಿ ಪ್ರಭುದೇವರ ಚರಿತ್ರೆಯಲ್ಲಿ ದೊರೆಯುತ್ತದೆ. ಅವರು ಶೂನ್ಯವನ್ನು ಬೋಧಿಸಿದ್ದಕ್ಕಿಂತ ಮೊದಲು ಬಾಳಿದರು.

ಬಳ್ಳಿಗಾವಿಯ ಮದ್ದಳೆಗಾರ

ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಳ್ಳಿಗಾವಿಯು ಈಗ ಒಂದು ಸಾಮಾನ್ಯ ಗ್ರಾಮ. ಆದರೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಪನ್ನಿಚ್ಛಾಸಿರದ ರಾಜಧಾನಿ. ದೇಗುಲಗಳಿಂದಲೂ ವಿದ್ಯಾಸ್ಥಾನಗಳಿಂದಲೂ ಕಂಗೊಳಿಸುತ್ತಿದ್ದ ಮಹಾನಗರ. ಕೇದಾರೇಶ್ವರ ದೇವಾಲಯವೂ ತ್ರಿಪುರಾಂತಕ ದೇವಾಲಯವೂ ಆ ವೈಭವಕ್ಕೆ ಸಾಕ್ಷಿಯಾಗಿ ಇಂದಿಗೂ ನಿಂತಿವೆ. ಕೇದಾರೇಶ್ವರಕ್ಕೆ ಸೇರಿದ್ದ ಕೋಡಿಯ ಮಠವು ಕಾಳಾಮುಖ ಶೈವರ ಪ್ರಸಿದ್ಧ ಕೇಂದ್ರ. ಆ ಮಠದಲ್ಲಿ ವ್ಯಾಕರಣ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಮೊದಲಾದ ಶಾಸ್ತ್ರಗಳೊಡನೆ ಬೌದ್ಧದರ್ಶನದ ವ್ಯಾಖ್ಯಾನವೂ ನಡೆಯುತ್ತಿತ್ತೆಂದು, ದೀನಾನಾಥರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತೆಂದು ೧೧೬೨ರ ಶಾಸನವು ತಿಳಿಸುತ್ತದೆ. ಅದಕ್ಕೂ ಸುಮಾರು ನೂರು ವರ್ಷಗಳ ಹಿಂದೆ, ೧೦೬೫ರ ಹೊತ್ತಿಗೆ, ಅದೇ ಊರಿನಲ್ಲಿ ಜಯಂತಿ ಬೌದ್ಧವಿಹಾರವು ನಿರ್ಮಾಣವಾಗಿತ್ತು. ಶೈವ, ವೈಷ್ಣವ, ಜೈನ, ಬೌದ್ಧರೆಲ್ಲರೂ ತಮ್ಮ ತಮ್ಮ ಮತಗಳನ್ನು ಪ್ರತಿಪಾದಿಸುತ್ತಿದ್ದ ಊರದು. ಶೂನ್ಯವೆಂಬ ಶಬ್ದವು ಅಲ್ಲಿಯ ಪಂಡಿತಗೋಷ್ಠಿಗಳಲ್ಲಿ ಕೇಳಿಬರುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅಲ್ಲಮನು ಪಂಡಿತರ ಮನೆಯಲ್ಲಿ ಹುಟ್ಟಿದವನಲ್ಲ. ದೇಗುಲದ ಗೀತನೃತ್ಯಸೇವೆಗೆ ಸಂಬಂಧಿಸಿದ ಕುಲದಲ್ಲಿ ಹುಟ್ಟಿ ಮದ್ದಳೆಯ ವಾದನದಲ್ಲಿ ಅಪ್ರತಿಮನೆನಿಸಿದವನು. ಪ್ರಭುದೇವರ ರಗಳೆಯಲ್ಲಿ ಹರಿಹರ ಮಹಾಕವಿಯು ಈ ಚರಿತೆಯನ್ನು ಹೃದಯಂಗಮವಾಗಿ ಹೇಳಿದ್ದಾನೆ. ಯೌವನದಲ್ಲಿ ಅಲ್ಲಮನು ಕಮಲತೆಯೆಂಬ ಚೆಲುವೆಯನ್ನು ಕಂಡು ಮೋಹಿಸಿದನು. ಅವಳೂ ಅವನನ್ನು ಒಲಿದಳು. ಇಬ್ಬರೂ ಲೋಕವನ್ನೇ ಮರೆತು ಸುಖದಲ್ಲಿ ಮುಳುಗಿರುವಾಗ ಕಮಲತೆಗೆ ಜ್ವರ ಬಂದಿತು. ಅದೇ ನೆವವಾಗಿ ಅವಳು ಅಸುನೀಗಿದಳು. ಅಲ್ಲಮನಿಗೆ ಜಗತ್ತೆಲ್ಲ ಬರಿದಾಯಿತು. ಊರು ಬೇಡವಾಯಿತು, ಮದ್ದಳೆ ಬೇಡವಾಯಿತು. ಅವಳ ಹೆಸರನ್ನೇ ಹಲುಬುತ್ತ ಕಾಡುಮೇಡುಗಳಲ್ಲಿ ಹುಚ್ಚನಂತೆ ಅಲೆದನು.

ಇದಕ್ಕೆ ಬೇರೊಂದು ರೂಪವೂ ಉಂಟು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ೧೫ನೆಯ ಶತಮಾನದಲ್ಲಿ, ಚಾಮರಸನು ಭಾಮಿನೀ ಷಟ್ಪದಿಯಲ್ಲಿ ರಚಿಸಿದ ಪ್ರಭುಲಿಂಗಲೀಲೆಯಲ್ಲಿ ಅಲ್ಲಮನು ನಿರಹಂಕಾರ ಸುಜ್ಞಾನಿಯರ ಮಗನಾಗಿ ಅವತರಿಸಿದ ಸಾಕ್ಷಾತ್ ಶಿವನೇ ಆಗಿದ್ದಾನೆ. ಬನವಾಸಿಯ ಅರಸ ಮಮಕಾರನ ಮಗಳು ಮಾಯೆಯು ಮಧುಕೇಶ್ವರ ದೇವಾಲಯದಲ್ಲಿ ಮದ್ದಳೆ ಬಾರಿಸುವ ಅವನನ್ನು ಕಂಡು ಮರುಳಾಗುತ್ತಾಳೆ. ಆದರೆ ಆಕೆ ಏನು ಮಾಡಿದರೂ ಅವನು ಕೈಗೆ ಸಿಕ್ಕುವುದಿಲ್ಲ, ಹಿಡಿಯಹೋದರೆ ಬಯಲಾಗುತ್ತಾನೆ. ಹರಿಹರನ ಅಲ್ಲಮನು ಬಿದ್ದು ಎದ್ದವನು. ಚಾಮರಸನ ಅಲ್ಲಮನು ಎಂದೂ ಬೀಳದವನು. ಚಾಮರಸನ ಕಾವ್ಯದ ಸೊಬಗಿಗೆ ಮನಸೋಲದವರಿಲ್ಲ. ಆದರೂ ಶೂನ್ಯತತ್ತ್ವವನ್ನು ಅರಿಯಬಯಸುವವರಿಗೆ ಹರಿಹರನು ತೋರಿದ ದಾರಿಯೇ ಹೆಚ್ಚು ಹತ್ತಿರದ್ದೆಂದು ನನ್ನ ವಿನಮ್ರ ಅಭಿಪ್ರಾಯ. ಮೊದಲಿಗೇ ಬಯಲಾಗಿದ್ದವನಿಗೆ ಬಯಲನ್ನು ಸಂಪಾದಿಸುವ ಶ್ರಮವಿಲ್ಲ. ತುಂಬಿದ ಮನೆ ಬರಿದಾದುದನ್ನು ಕಂಡವನಿಗೆ ಮಾತ್ರ ಬರಿದೆಂಬುದರ ಅರ್ಥ ಗೊತ್ತು.

ಗುಹೆಯೊಳಗಿನ ಗುರು

ವಿರಹದಿಂದ ಕಂಗೆಟ್ಟ ಅಲ್ಲಮನು ಒಮ್ಮೆ ಒಂದು ತೋಪಿನಲ್ಲಿ ತಲೆ ತಗ್ಗಿಸಿ ಕುಳಿತು, ಅನ್ಯಮನಸ್ಕನಾಗಿ ಕಾಲಿನ ಉಗುರಿನಿಂದ ನೆಲವನ್ನು ಕೆರೆಯುತ್ತಿದ್ದನು. ಮಣ್ಣಿನಲ್ಲಿ ಹೊನ್ನ ಕಳಸದ ತುದಿಯೊಂದು ಮಿಂಚಿತು. ಕುತೂಹಲದಿಂದ ಅಗೆಸಿ ನೋಡಿದರೆ ಅದು ಭೂಗತವಾಗಿದ್ದ ದೇಗುಲದ ಶಿಖರ. ಮುಚ್ಚಿದ್ದ ಬಾಗಿಲನ್ನು ಒದ್ದು ತೆರೆದು ಒಳಹೊಕ್ಕಾಗ ಅಲ್ಲಿ ಒಬ್ಬ ಯೋಗಿ ಕುಳಿತಿದ್ದನು. ಕಣ್ಣೆವೆಯಿಕ್ಕದೆ ಕರಸ್ಥಲದ ಲಿಂಗದಲ್ಲಿ ದೃಷ್ಟಿಯನ್ನು ನೆಟ್ಟಿದ್ದ ಆತನೇ ಅನಿಮಿಷಯ್ಯ. ಅಲ್ಲಮನ ಕೈಗೆ ಆ ಲಿಂಗವು ಬಂದಿತು. ಅದೇ ಕ್ಷಣದಲ್ಲಿ ಅನಿಮಿಷಯ್ಯನ ಪ್ರಾಣವು ಬಯಲಾಯಿತು. ಉಪದೇಶದ ಒಂದು ಮಾತೂ ಅಲ್ಲಿ ನಡೆಯಲಿಲ್ಲ. ಗುರುವು ಶಿಷ್ಯನಿಗೆ ಲಿಂಗವನ್ನು ಕೊಟ್ಟು ತಾನು ಇಲ್ಲವಾದನು.

ಈ ಪ್ರಸಂಗವನ್ನು ಸಾವಧಾನವಾಗಿ ಪರಿಭಾವಿಸಬೇಕು. ಅಲ್ಲಮನು ದೇವರನ್ನು ಅರಸಿ ಹೊರಟವನಲ್ಲ. ಕಳೆದುಕೊಂಡವಳನ್ನು ನೆನೆದು ಕುಳಿತವನು. ಅವನಿಗೆ ಲಿಂಗ ದೊರೆತುದು ಕೈ ಬರಿದಾಗಿದ್ದಾಗ. ಅದನ್ನು ಕೊಟ್ಟವನೂ ಕೊಟ್ಟೊಡನೆ ಮರೆಯಾದನು. ಹೀಗೆ ಒಂದು ನಷ್ಟವು ಅವನನ್ನು ಗುಹೆಯ ಬಾಗಿಲಿಗೆ ತಂದಿತು. ಇನ್ನೊಂದು ನಷ್ಟವು ಆ ಗುಹೆಯೊಳಗೆ ಅವನ ಕಣ್ಣು ತೆರೆಸಿತು. ಮೊದಲನೆಯದು ದುಃಖವನ್ನು ಉಳಿಸಿತ್ತು. ಎರಡನೆಯದು ಲಿಂಗವನ್ನು ಉಳಿಸಿತು. ಪ್ರಭುದೇವರ ವಚನಗಳ ಅಂಕಿತವು ಗುಹೇಶ್ವರ. ಗುಹೆಯೆಂದರೆ ಬಂಡೆಯೊಳಗಿನ ಅಥವಾ ಭೂಮಿಯೊಳಗಿನ ಬರಿದು. ಆ ಬರಿದಿಗೆ ಈಶ್ವರನೆಂಬ ಹೆಸರನ್ನಿಟ್ಟು ಅವರು ಕರೆದರು. ನಾಸ್ತಿಕನು ಬರಿದನ್ನು ಕಂಡು ಸುಮ್ಮನಾಗುತ್ತಾನೆ. ಶರಣನು ಅದನ್ನು ಹೆಸರು ಹಿಡಿದು ಕರೆದು ಅದರೊಡನೆ ಮಾತನಾಡುತ್ತಾನೆ. ಭೇದದ ಮೊದಲ ಎಳೆ ಇಲ್ಲಿದೆ.

ಜಂಗಮಸಂಚಾರ

ಅಲ್ಲಿಂದ ಮುಂದೆ ಅಲ್ಲಮನು ಪ್ರಭುದೇವನಾದನು. ಒಂದೆಡೆ ನಿಲ್ಲದೆ ಸಂಚರಿಸುತ್ತ, ಎದುರಾದ ಪ್ರತಿಯೊಬ್ಬ ಸಾಧಕನಲ್ಲಿಯೂ ಉಳಿದಿದ್ದ ಕೊನೆಯ ಹಿಡಿತವನ್ನು ಬಿಡಿಸುತ್ತ ನಡೆದನು. ತೋಟದ ಮಣ್ಣನ್ನು ಅಗೆಯುವುದರಲ್ಲಿಯೇ ತನ್ಮಯನಾಗಿದ್ದ ಗೊಗ್ಗಯ್ಯನಿಗೆ ತನುವೆಂಬ ತೋಟವನ್ನು ತೋರಿಸಿದನು.

ಮುಕ್ತಾಯಕ್ಕನ ಪ್ರಸಂಗವು ಕರುಣಾರಸದಿಂದ ತುಂಬಿದೆ. ಆಕೆಯ ಅಣ್ಣ ಅಜಗಣ್ಣನು ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದ ಗುಪ್ತಭಕ್ತ. ಆಕೆಗೆ ಅಣ್ಣನೂ ಅವನೇ, ಗುರುವೂ ಅವನೇ. ಅವನು ಲಿಂಗೈಕ್ಯನಾದಾಗ ಮುಕ್ತಾಯಕ್ಕನು ದಿಕ್ಕುಗಾಣದೆ ಪ್ರಲಾಪಿಸುತ್ತಿದ್ದಳು. ಒಲಿದವಳನ್ನು ಕಳೆದುಕೊಂಡು ಅಲೆದಿದ್ದ ಪ್ರಭುವು ಅವಳ ಮುಂದೆ ಬಂದು ನಿಂತನು. ಸತ್ತವನು ಎಲ್ಲಿಯೋ ಇದ್ದಾನೆಂಬ ಸುಲಭದ ಸಮಾಧಾನವನ್ನು ಅವನು ಹೇಳಲಿಲ್ಲ. ಅಳಬಾರದೆಂದು ನಿಷ್ಠುರವಾಗಿ ವಿಧಿಸಲೂ ಇಲ್ಲ. ಅಣ್ಣನ ದೇಹಕ್ಕಾಗಿ ಅಳುತ್ತಿರುವಳೋ, ಅಣ್ಣನ ಅರಿವಿಗಾಗಿ ಅಳುತ್ತಿರುವಳೋ ಎಂಬ ವಿವೇಚನೆಯನ್ನು ಅವಳಲ್ಲಿಯೇ ಹುಟ್ಟಿಸಿದನು. ಆಕೆಯೂ ಸುಮ್ಮನೆ ಒಪ್ಪಿದವಳಲ್ಲ. ಅರಿವು ಮೂಡಿದ ಮೇಲೆ ಮಾತೇಕೆ, ಮಾತನಾಡುವ ನಿನಗೆ ಶೂನ್ಯ ಸಿದ್ಧಿಸಿತೇ ಎಂದು ಪ್ರಭುವನ್ನೇ ಪ್ರಶ್ನಿಸಿದಳು. ಆ ಸಂವಾದವು ಕನ್ನಡ ಸಾಹಿತ್ಯದ ಅನರ್ಘ್ಯ ಸಂಪತ್ತು. ಕೊನೆಗೆ ಆಕೆಯ ಶೋಕವು ಕರಗಿತು. ಅಣ್ಣನು ಹೊರಗೆ ಇಲ್ಲವಾಗಿ ಒಳಗೆ ಅರಿವಾಗಿ ನಿಂತನು.

ಸೊನ್ನಲಿಗೆಯಲ್ಲಿ, ಎಂದರೆ ಈಗಿನ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ, ಸಿದ್ಧರಾಮನು ಕೆರೆಗಳನ್ನು ಕಟ್ಟಿಸುತ್ತ, ಗುಡಿಗಳನ್ನು ಎತ್ತಿಸುತ್ತ ಲೋಕಹಿತದಲ್ಲಿ ನಿರತನಾಗಿದ್ದನು. ಇದು ಮಹತ್ಕಾರ್ಯವೇ ಸರಿ. ಆದರೆ ಕೆರೆಯೊಡನೆ ಕಟ್ಟಿಸಿದವನೆಂಬ ಭಾವವೂ ಕಟ್ಟಿಕೊಳ್ಳುತ್ತ ಬರುತ್ತಿತ್ತು. ಪ್ರಭುವು ಅಲ್ಲಿಗೆ ಬಂದು ಅವನನ್ನು ಮಣ್ಣು ಹೊರುವ ಒಡ್ಡನೆಂಬಂತೆ ಹೆಸರಿಟ್ಟು ಕರೆದನು. ಕೆಲಸದಾಳುಗಳು ಕೆರಳಿ ಕಲ್ಲೆಸೆದರು. ಎಸೆದ ಕಲ್ಲುಗಳು ತಾಗದೆ ಸುತ್ತಲೂ ರಾಶಿಯಾದುವೆಂದೂ, ಕ್ರುದ್ಧನಾದ ಸಿದ್ಧರಾಮನ ಹಣೆಗಣ್ಣಿನ ಉರಿಯು ಊರನ್ನು ಸುಡಹೊರಟು ಪ್ರಭುವಿನ ಮುಂದೆ ತಣ್ಣಗಾಯಿತೆಂದೂ ಪುರಾತನರು ವರ್ಣಿಸುತ್ತಾರೆ. ಪವಾಡದ ಒಳಗುಟ್ಟನ್ನು ನಾವು ಗ್ರಹಿಸಬೇಕು. ಕಲ್ಲು ತಾಗಬೇಕಾದರೆ ತಾಗಿಸಿಕೊಳ್ಳುವ ಒಂದು ವಸ್ತು ಅಲ್ಲಿರಬೇಕು. ಮಾನಾಪಮಾನಗಳಿಗೆ ಎಡೆಯಾದ ನಾನೆಂಬುದು ಪ್ರಭುವಿನಲ್ಲಿ ಇರಲಿಲ್ಲ. ಸಿದ್ಧರಾಮನಲ್ಲಿ ಅದು ಇನ್ನೂ ಉಳಿದಿತ್ತು. ಆದುದರಿಂದಲೇ ಉರಿ ಎದ್ದಿತು. ತನ್ನ ತಪ್ಪನ್ನು ಅರಿತ ಆ ಮಹಾಪುರುಷನು ಪ್ರಭುವಿನೊಡನೆ ಕಲ್ಯಾಣಕ್ಕೆ ಬಂದನು. ಅವನು ಕಟ್ಟಿಸಿದ ಕೆರೆಯ ಹೆಸರು ಸೊಲ್ಲಾಪುರದಲ್ಲಿ ಇಂದಿಗೂ ಜನರ ಬಾಯಲ್ಲಿದೆ. ಪ್ರಭುವು ಕೆರೆಯನ್ನು ಒಡೆಯಲಿಲ್ಲ. ಕಟ್ಟಿದೆನೆಂಬ ಭಾವವನ್ನು ಮಾತ್ರ ಒಡೆದನು.

ಶೂನ್ಯಸಿಂಹಾಸನ

ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಬಿಜ್ಜಳನು ಆಳುತ್ತಿದ್ದ ಆ ನಗರದಲ್ಲಿ ಬಸವಣ್ಣನವರ ಮಹಾಮನೆಯು ಜಾತಿ ಮತ ಲಿಂಗಭೇದಗಳಿಲ್ಲದೆ ಎಲ್ಲ ಶರಣರಿಗೂ ತೆರೆದ ಮನೆಯಾಗಿತ್ತು. ಪ್ರಭುವೂ ಸಿದ್ಧರಾಮನೂ ಬಾಗಿಲಿಗೆ ಬಂದು ನಿಂತಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ಮಗ್ನರಾಗಿದ್ದರು. ಹಡಪದ ಅಪ್ಪಣ್ಣನು ಸುದ್ದಿಯನ್ನು ಒಯ್ದನು. ಆದರೂ ಬಸವಣ್ಣನವರು ಪೂಜೆಯಿಂದ ಏಳಲಿಲ್ಲ. ಒಳಗೆ ಬರಬೇಕೆಂಬ ಬಿನ್ನಹಕ್ಕೆ ಪ್ರಭುವು ಒಪ್ಪಲಿಲ್ಲ. ಜಂಗಮವೇ ಲಿಂಗವೆಂದು ನಂಬಿದವನು ಬಾಗಿಲಲ್ಲಿ ಜಂಗಮವನ್ನು ನಿಲ್ಲಿಸಿ ಲಿಂಗವನ್ನು ಪೂಜಿಸುವುದು ಉಚಿತವೇ ಎಂಬುದನ್ನು ಚೆನ್ನಬಸವಣ್ಣನವರು ಎಚ್ಚರಿಸಿದರು. ಬಸವಣ್ಣನವರು ಹೊರಗೆ ಧಾವಿಸಿ ಬಂದು ಪಾದಕ್ಕೆರಗಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪೂಜೆಯು ತಪ್ಪೆಂದು ಯಾರೂ ಹೇಳಲಿಲ್ಲ. ಪೂಜೆಗೊಂಡ ದೇವರು ಪೂಜೆಯ ಕೋಣೆಯೊಳಗೇ ಇರುವನೆಂಬ ಭಾವನೆಯು ಮಾತ್ರ ಸಡಿಲವಾಯಿತು. ದೇವರನ್ನು ಒಂದು ಎಡೆಗೆ, ಒಂದು ರೂಪಕ್ಕೆ, ಒಂದು ಹೊತ್ತಿಗೆ ಕಟ್ಟಿಹಾಕುವ ಮನಸ್ಸಿನ ಅಭ್ಯಾಸವನ್ನು ಬಿಡಿಸುವುದೇ ಪ್ರಭುವಿನ ಶೂನ್ಯೋಪದೇಶ.

ಬಸವಣ್ಣನವರು ಬಹುಕಾಲದಿಂದ ಪ್ರಭುವಿಗಾಗಿಯೇ ಸಿದ್ಧಪಡಿಸಿದ್ದ ಸಿಂಹಾಸನವನ್ನು ಅವನು ಏರಿದನು. ಅರಸರ ಸಿಂಹಾಸನಕ್ಕೆ ರಾಜ್ಯವಿರುತ್ತದೆ, ಬೊಕ್ಕಸವಿರುತ್ತದೆ, ದಂಡಿರುತ್ತದೆ. ಈ ಸಿಂಹಾಸನಕ್ಕೆ ಇದ್ದುದು ಶೂನ್ಯವೆಂಬ ಹೆಸರು ಮಾತ್ರ. ಅದರ ಮುಂದೆ ದಂಡನಾಯಕರಾದ ಬಸವಣ್ಣನವರೂ, ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ, ಅಕ್ಕಿಯನ್ನು ಆಯ್ದು ತರುವ ಮಾರಯ್ಯನೂ, ಅವನ ಸತಿ ಲಕ್ಕಮ್ಮನೂ ಸಮಾನರಾಗಿ ಕುಳಿತರು. ಪೀಠವು ಶೂನ್ಯವಾದುದರಿಂದಲೇ ಅಲ್ಲಿ ಮೇಲುಕೀಳಿಗೆ ಎಡೆಯಿರಲಿಲ್ಲ. ಮಹಾಮನೆಯ ಪ್ರಸಾದಕುಂಡದ ಬಳಿ ಯಾರ ಕಣ್ಣಿಗೂ ಬೀಳದೆ ತನ್ನನ್ನು ತಾನೇ ಇಲ್ಲವೆನಿಸಿಕೊಂಡಿದ್ದ ಮರುಳಶಂಕರದೇವನನ್ನು ಗುರುತಿಸಿ ಎಲ್ಲರಿಗೂ ತೋರಿದವನು ಪ್ರಭುವೇ. ಕಾಯಕವೇ ಮುಖ್ಯವೆಂದು ಬಗೆದು, ಜಾರಿಬಿದ್ದ ಲಿಂಗವನ್ನು ಬಿಟ್ಟು ಹುಲ್ಲಿನ ಹೊರೆಯೊಡನೆ ನಡೆದಿದ್ದ ಚಂದಯ್ಯನಿಗೆ ಲಿಂಗವಿಲ್ಲದ ಕಾಯಕವೂ ಒಂದು ಹಿಡಿತವೇ ಎಂಬುದನ್ನು ಮನಗಾಣಿಸಿದವನೂ ಅವನೇ. ನೋಡಿರಿ: ಬಸವಣ್ಣನವರಿಗೆ ಲಿಂಗದಿಂದ ಏಳಬೇಕೆಂದು ತಿಳಿಸಿದ ಪ್ರಭುವು ಚಂದಯ್ಯನಿಗೆ ಲಿಂಗವನ್ನು ಎತ್ತಿಕೊಳ್ಳಬೇಕೆಂದು ತಿಳಿಸಿದನು. ಯಾವುದಕ್ಕೆ ಯಾರು ಅಂಟಿಕೊಂಡಿರುವರೋ ಅವರಿಗೆ ಅದನ್ನೇ ಬಿಡಿಸುವುದು ಅವನ ರೀತಿ.

ಮಹಾದೇವಿಯಕ್ಕನವರು ಉಡುತಡಿಯಿಂದ ಎಲ್ಲವನ್ನೂ ತೊರೆದು ಕಲ್ಯಾಣಕ್ಕೆ ಬಂದಾಗ ಪ್ರಭುವು ಅವರನ್ನು ಕಠಿನವಾಗಿಯೇ ಪರೀಕ್ಷಿಸಿದನು. ಉಡುಗೆಯನ್ನು ಬಿಟ್ಟವರು ಕೂದಲಿನಿಂದ ಮೈಯನ್ನು ಮರೆಸುವುದೇಕೆಂಬುದು ಅವನ ಪ್ರಶ್ನೆಯ ತಿರುಳು. ತನ್ನ ನಾಚಿಕೆಗಾಗಿ ಅಲ್ಲ, ನೋಡುವವರ ಮನಸ್ಸಿಗೆ ನೋವಾಗದಿರಲೆಂದು ಮರೆಸಿದೆನೆಂಬುದು ಅಕ್ಕನವರ ಉತ್ತರದ ತಾತ್ಪರ್ಯ. ಸಭೆಯು ತಲೆದೂಗಿತು. ಸರ್ವವನ್ನೂ ತೊರೆದ ಮೇಲೆ ಉಳಿದುದು ಒಣ ವೈರಾಗ್ಯವಲ್ಲ, ಅನ್ಯರ ಮೇಲಿನ ಕರುಣೆ ಎಂಬುದು ಆ ಉತ್ತರದಿಂದ ಸ್ಪಷ್ಟವಾಯಿತು. ಪ್ರಭುವು ಅವರನ್ನು ಗೌರವಿಸಿ ಶ್ರೀಶೈಲದ ಕದಳಿಯ ದಾರಿಯನ್ನು ತೋರಿದನು.

ವಜ್ರಕಾಯವೂ ವ್ಯೋಮಕಾಯವೂ

ಮತ್ತೆ ದೇಶಸಂಚಾರಕ್ಕೆ ಹೊರಟ ಪ್ರಭುವಿಗೆ ಗೋರಕ್ಷನೆಂಬ ಸಿದ್ಧನು ಎದುರಾದನು. ಈ ಪ್ರಸಂಗವು ನಮ್ಮ ವಿಷಯಕ್ಕೆ ಕಲಶಪ್ರಾಯವಾದುದು. ರಸಸಿದ್ಧಿ, ಹಠಯೋಗಗಳಿಂದ ತನ್ನ ಕಾಯವನ್ನು ವಜ್ರವಾಗಿಸಿಕೊಂಡಿದ್ದ ಗೋರಕ್ಷನು ಅದನ್ನು ಪರೀಕ್ಷಿಸಲೆಂದು ಪ್ರಭುವಿನ ಕೈಗೆ ಖಡ್ಗವನ್ನು ಕೊಟ್ಟನು. ಪ್ರಭುವು ಹೊಡೆದಾಗ ಖಡ್ಗವು ಖಣಿಲೆಂದಿತು, ಮೈಗೆ ಗಾಯವಾಗಲಿಲ್ಲ. ಗೋರಕ್ಷನು ಹಿಗ್ಗಿದನು. ಈಗ ತನ್ನನ್ನೂ ಹೊಡೆದು ನೋಡೆಂದು ಪ್ರಭುವು ಹೇಳಲು, ಗೋರಕ್ಷನ ಖಡ್ಗವು ಅವನ ಮೈಯಲ್ಲಿ ಹಾಯ್ದು ಆಚೆಗೆ ಹೋಯಿತು. ತಾಗಿದ ಸದ್ದಿಲ್ಲ, ತಡೆದ ಗುರುತಿಲ್ಲ, ಗಾಳಿಯಲ್ಲಿ ಬೀಸಿದಂತಾಯಿತು. ಗೋರಕ್ಷನ ಗರ್ವವು ಇಳಿಯಿತು.

ಇಬ್ಬರೂ ಸಾವನ್ನು ಗೆದ್ದವರೇ. ಒಬ್ಬನು ತನ್ನನ್ನು ಗಟ್ಟಿಗೊಳಿಸಿಕೊಂಡು ಗೆಲ್ಲಹೊರಟನು. ಇನ್ನೊಬ್ಬನು ತನ್ನನ್ನು ಕಳೆದುಕೊಂಡು ಗೆದ್ದನು. ಸದ್ದು ಬಂದಿತೆಂದರೆ ಅಲ್ಲಿ ಎದುರಿಸುವ ವಸ್ತುವೊಂದಿದೆ. ಅದು ಎಷ್ಟೇ ಗಟ್ಟಿಯಾಗಿದ್ದರೂ ಎಂದಾದರೊಂದು ದಿನ ಒಡೆಯತಕ್ಕದ್ದೇ. ಬಯಲನ್ನು ಕಡಿಯಬಲ್ಲ ಖಡ್ಗವನ್ನು ಯಾವ ಕಮ್ಮಾರನೂ ಮಾಡಲಾರನು. ದೇವರನ್ನು ಶೂನ್ಯವೆಂದುದು ಅವನು ಅಳಿಯಬಲ್ಲವನೆಂದಲ್ಲ, ಅವನು ಅಳಿಸಬಲ್ಲ ವಸ್ತುವೇ ಅಲ್ಲವೆಂದು.

ಶೂನ್ಯವೆಂದರೆ ನಾಸ್ತಿಯೇ?

ಈಗ ಆರಂಭದ ಪ್ರಶ್ನೆಗೆ ಬರೋಣ. ಬೌದ್ಧಾಚಾರ್ಯನಾದ ನಾಗಾರ್ಜುನನು ಪ್ರಭುದೇವರಿಗಿಂತ ಸುಮಾರು ಒಂದು ಸಾವಿರ ವರ್ಷಗಳ ಹಿಂದೆಯೇ ಶೂನ್ಯತೆಯನ್ನು ಪ್ರತಿಪಾದಿಸಿದನು. ಯಾವ ಪದಾರ್ಥಕ್ಕೂ ಇತರ ಪದಾರ್ಥಗಳನ್ನು ಅವಲಂಬಿಸದ ಸ್ವತಂತ್ರ ಸ್ವಭಾವವಿಲ್ಲವೆಂಬುದು ಅವನ ಸಿದ್ಧಾಂತ. ಶೂನ್ಯತೆಯನ್ನೇ ಒಂದು ಮತವಾಗಿ ಕಚ್ಚಿಕೊಂಡವನಿಗೆ ಮದ್ದಿಲ್ಲವೆಂದು ಅವನೇ ಎಚ್ಚರಿಸಿದ್ದಾನೆ. ಇಷ್ಟರ ಮಟ್ಟಿಗೆ ಪ್ರಭುದೇವರು ಅವನಿಗೆ ದೂರದವರಲ್ಲ. ಆದರೆ ಬೌದ್ಧರ ಶೂನ್ಯತೆಯು ಪದಾರ್ಥಗಳ ಸ್ವರೂಪವನ್ನು ಕುರಿತ ವಿಚಾರ. ಅದರಲ್ಲಿ ಈಶ್ವರನಿಗೆ ಎಡೆಯಿಲ್ಲ. ಶರಣರ ಶೂನ್ಯವು ಲಿಂಗದ ಸ್ವರೂಪ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದು ಸ್ಥಲಗಳನ್ನು ದಾಟಿ ಐಕ್ಯಸ್ಥಲದಲ್ಲಿ ಅಂಗವು ಲಿಂಗದೊಡನೆ ಸಮರಸವಾದಾಗ ಇದು ಅಂಗ, ಇದು ಲಿಂಗ ಎಂದು ಬೇರ್ಪಡಿಸಿ ತೋರಲು ಏನೂ ಉಳಿಯುವುದಿಲ್ಲ. ಆ ಉಳಿಯದಿರುವಿಕೆಗೆ ಶೂನ್ಯವೆಂದು ಹೆಸರು. ಉಪ್ಪು ನೀರಿನಲ್ಲಿ ಕರಗಿದಾಗ ಉಪ್ಪಿನ ಹರಳು ಶೂನ್ಯ. ಉಪ್ಪಿನ ರುಚಿ ಸರ್ವತ್ರ.

ಗಣಿತದಿಂದಲೂ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಶರಣರ ಸಮಕಾಲೀನನಾದ ಭಾಸ್ಕರಾಚಾರ್ಯನು ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ಪೂರೈಸಿದನು. ಸೊನ್ನೆಯಿಂದ ಭಾಗಿಸಿದ ರಾಶಿಗೆ ಖಹರವೆಂದು ಹೆಸರಿಟ್ಟು, ಅದಕ್ಕೆ ಏನನ್ನು ಕೂಡಿಸಿದರೂ ಕಳೆದರೂ ಅದು ವ್ಯತ್ಯಾಸಗೊಳ್ಳದೆಂದು ಹೇಳಿ, ಸೃಷ್ಟಿಪ್ರಳಯಗಳಲ್ಲಿ ಜೀವರಾಶಿಗಳು ಹೊರಟರೂ ಹೊಕ್ಕರೂ ವಿಕಾರಗೊಳ್ಳದ ಅನಂತನಾದ ಪರಮಾತ್ಮನಿಗೆ ಅದನ್ನು ಅವನು ಹೋಲಿಸಿದ್ದಾನೆ. ಇಂದಿನ ಗಣಿತವು ಸೊನ್ನೆಯ ಭಾಗಾಕಾರವನ್ನು ಒಪ್ಪುವುದಿಲ್ಲವೆಂಬುದು ನಿಜ. ಆದರೆ ಸೊನ್ನೆಯನ್ನು ಕಂಡ ಕೂಡಲೇ ಅಭಾವವನ್ನಲ್ಲ, ಅನಂತವನ್ನು ನೆನೆದ ಮನೋಧರ್ಮವು ಆ ಶತಮಾನದಲ್ಲಿ ಗಣಿತಜ್ಞನಿಗೂ ಇತ್ತೆಂಬುದು ವಿಚಾರಾರ್ಹ.

ಆದರೆ ಇದಕ್ಕೆಲ್ಲ ಮಿಗಿಲಾದ ಸಾಕ್ಷ್ಯವು ನಮ್ಮ ನುಡಿಯಲ್ಲಿಯೇ ಇದೆ. ಸಂಸ್ಕೃತದ ಶೂನ್ಯಶಬ್ದಕ್ಕೆ ಶರಣರು ಬಳಸಿದ ಕನ್ನಡ ಪದ ಬಯಲು. ನಮ್ಮ ಒಕ್ಕಲಿಗನಿಗೆ ಬಯಲೆಂದರೆ ಏನೂ ಇಲ್ಲದ ತಾಣವಲ್ಲ. ಬೆಳೆ ಬರುವುದು ಬಯಲಿನಲ್ಲಿ, ದನ ಮೇಯುವುದು ಬಯಲಿನಲ್ಲಿ, ಜಾತ್ರೆ ನೆರೆಯುವುದು ಬಯಲಿನಲ್ಲಿ, ಬಯಲಾಟ ನಡೆಯುವುದು ಬಯಲಿನಲ್ಲಿ. ಗೋಡೆಯಿಲ್ಲದುದರಿಂದಲೇ ಅದು ಎಲ್ಲರಿಗೂ ಎಡೆಗೊಡುತ್ತದೆ. ಇನ್ನೂ ಒಂದು ಸ್ವಾರಸ್ಯವುಂಟು. ಮುಚ್ಚಿಟ್ಟ ಸಂಗತಿಯು ಪ್ರಕಟವಾದಾಗ ಅದು ಬಯಲಾಯಿತೆನ್ನುತ್ತೇವೆ; ಶರಣನು ಲಿಂಗದಲ್ಲಿ ಒಂದಾದಾಗಲೂ ಬಯಲಾದನೆನ್ನುತ್ತೇವೆ. ಇಲ್ಲವಾಗುವುದಕ್ಕೂ ಬೆಳಕಿಗೆ ಬರುವುದಕ್ಕೂ ಕನ್ನಡದಲ್ಲಿ ಒಂದೇ ಮಾತು! ನಾನೆಂಬ ಮುಚ್ಚಳವು ಹೋದಾಗ ಒಳಗಿದ್ದ ದೇವರು ಪ್ರಕಟವಾಗುತ್ತಾನೆಂಬ ತತ್ತ್ವವನ್ನು ಈ ಒಂದು ಪದವು ತನ್ನಲ್ಲಿ ಅಡಗಿಸಿಕೊಂಡಿದೆ.

ಪ್ರಭುದೇವರು ಮೊದಲು ಹಿಡಿದ ವಾದ್ಯವನ್ನೇ ನೆನೆಯಿರಿ. ಮದ್ದಳೆಯು ಒಳಗೆ ಬರಿದಾಗಿದೆ. ಆದುದರಿಂದಲೇ ಅದು ನುಡಿಯುತ್ತದೆ. ಅದರೊಳಗೆ ಮಣ್ಣನ್ನೋ ಹೊನ್ನನ್ನೋ ತುಂಬಿದರೆ ಎಂತಹ ನಿಪುಣನು ಬಾರಿಸಿದರೂ ನಾದವು ಹುಟ್ಟದು. ಒಳಗಿನ ಆ ಬರಿದು ಮದ್ದಳೆಯ ಕೊರತೆಯಲ್ಲ, ಅದರ ಪ್ರಾಣ.

ಹೀಗಿದ್ದರೂ ಒಂದು ಆಕ್ಷೇಪವು ಉಳಿಯುತ್ತದೆ. ಬಯಲನ್ನು ಪ್ರೀತಿಸುವುದು ಹೇಗೆ? ಕಷ್ಟಕಾಲದಲ್ಲಿ ಅದನ್ನು ಕೂಗಿ ಕರೆಯುವುದು ಹೇಗೆ? ಸಾಮಾನ್ಯ ಭಕ್ತನಿಗೆ ಈ ಕಳವಳವು ಸಹಜ. ಇದಕ್ಕೆ ಉತ್ತರವು ಪ್ರಭುವಿನ ಆರೋಗಣೆಯ ಪ್ರಸಂಗದಲ್ಲಿದೆ. ಸಂಚಾರವನ್ನು ಮುಗಿಸಿ ಕಲ್ಯಾಣಕ್ಕೆ ಹಿಂದಿರುಗಿದ ಪ್ರಭುವಿಗೆ ಬಸವಣ್ಣನವರು ಉಣಬಡಿಸಿದರು. ಅಸಂಖ್ಯಾತ ಜಂಗಮರಿಗಾಗಿ ಸಿದ್ಧವಾಗಿದ್ದ ಎಲ್ಲ ಪದಾರ್ಥಗಳನ್ನೂ ಪ್ರಭುವು ಆರೋಗಿಸಿದನು. ಆದರೂ ಹಸಿವು ತೀರಲಿಲ್ಲ. ಕೊನೆಗೆ ಬಸವಣ್ಣನವರು ತಮ್ಮನ್ನೇ ಪದಾರ್ಥವಾಗಿ ಅರ್ಪಿಸಿಕೊಂಡಾಗ ಪ್ರಭುವಿಗೆ ತೃಪ್ತಿಯಾಯಿತು. ಅದರಿಂದ ಸಮಸ್ತ ಜಂಗಮಕ್ಕೂ ತೃಪ್ತಿಯಾಯಿತು. ಶೂನ್ಯಕ್ಕೆ ಎಷ್ಟು ಸುರಿದರೂ ತುಂಬದು. ನೀಡುವವನು ತನ್ನನ್ನೇ ನೀಡಿದಾಗ ಮಾತ್ರ ಅದು ತುಂಬುತ್ತದೆ. ಬಸವಣ್ಣನವರಿಲ್ಲದೆ ಪ್ರಭುವಿಗೆ ಪೀಠವಿಲ್ಲ. ಪ್ರಭುವಿಲ್ಲದೆ ಬಸವಣ್ಣನವರ ದಾಸೋಹಕ್ಕೆ ಪೂರ್ಣತೆಯಿಲ್ಲ. ಭಕ್ತಿಯೂ ಶೂನ್ಯವೂ ವಿರುದ್ಧಪಕ್ಷಗಳಲ್ಲ. ಭಕ್ತಿಯು ದಾರಿ, ಬಯಲು ಆ ದಾರಿಯು ಮುಟ್ಟುವ ಊರು. ಊರು ಮುಟ್ಟಿದವರು ಉಂಟೆಂಬ ಧೈರ್ಯದಿಂದಲೇ ದಾರಿಹೋಕನು ಹೆಜ್ಜೆಯಿಡುತ್ತಾನೆ.

ಕದಳಿಯ ಕಡೆಗೆ

೧೧೬೭-೬೮ರ ಸುಮಾರಿನಲ್ಲಿ ಕಲ್ಯಾಣವು ಕ್ಷೋಭೆಗೊಳಗಾಗಿ ಶರಣಸಮೂಹವು ಚದುರಿತು. ಪ್ರಭುದೇವರು ಕೃಷ್ಣಾತೀರದ ಶ್ರೀಶೈಲವನ್ನು ಸೇರಿ ಕದಳಿಯಲ್ಲಿ ಬಯಲಾದರೆಂಬುದು ಪರಂಪರೆಯ ನಂಬಿಕೆ. ಬಿಟ್ಟುಹೋದ ಆಸ್ತಿಯೆಂದರೆ ಸಾವಿರಕ್ಕೂ ಮಿಕ್ಕ ವಚನಗಳು. ಅವುಗಳಲ್ಲಿ ಅನೇಕವು ಬೆಡಗಿನ ವಚನಗಳು. ಮಾತಿನ ಅರ್ಥವನ್ನು ಹಿಡಿದೆನೆಂದುಕೊಂಡವನ ಕೈಯಿಂದ ಜಾರಿಹೋಗುವಂಥವು.

ಆದರೆ ಬಯಲಾದವರು ಮರೆಯಾಗಲಿಲ್ಲ. ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೆಣೆದು ಮೊದಲ ಶೂನ್ಯಸಂಪಾದನೆಯನ್ನು ರಚಿಸಿದನು. ಆ ಬಳಿಕ ಬೇರೆ ಬೇರೆ ಮಹನೀಯರು ಅದನ್ನು ಪರಿಷ್ಕರಿಸಿದರು. ಗೂಳೂರು ಸಿದ್ಧವೀರಣ್ಣೊಡೆಯರ ಸಂಪಾದನೆಯು ಅವುಗಳಲ್ಲಿ ಸುಪ್ರಸಿದ್ಧವಾದುದು. ತಾಳೆಯೋಲೆಗಳಲ್ಲಿ ಅಡಗಿದ್ದ ಈ ನಿಧಿಯನ್ನು ವಚನಪಿತಾಮಹ ಫ. ಗು. ಹಳಕಟ್ಟಿಯವರು ೧೯೩೦ರಲ್ಲಿ ಅಚ್ಚುಮಾಡಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರವರೆಗೆ ಐದು ಸಂಪುಟಗಳಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿತು. ಗ್ರಂಥದ ಹೆಸರನ್ನು ಮತ್ತೊಮ್ಮೆ ಗಮನಿಸಿರಿ. ಸಂಪಾದನೆಯೆಂದರೆ ಗಳಿಕೆ. ಲೋಕವು ಹೊನ್ನನ್ನು, ಮಣ್ಣನ್ನು, ಕೀರ್ತಿಯನ್ನು ಸಂಪಾದಿಸುತ್ತದೆ. ಇವರು ಶೂನ್ಯವನ್ನು ಸಂಪಾದಿಸಿದರು. ಅದು ಕುಳಿತಲ್ಲಿಯೇ ದೊರೆಯುವ ವಸ್ತುವಾಗಿದ್ದರೆ ಸಂಪಾದನೆಯೆಂಬ ಮಾತು ಬೇಕಿರಲಿಲ್ಲ.

ವಿದ್ಯಾರ್ಥಿಮಿತ್ರರು ಇದರಿಂದ ಗ್ರಹಿಸಬೇಕಾದುದೇನು? ದೇವರನ್ನು ಶೂನ್ಯವೆಂದು ತಿಳಿಯಬಹುದೇ ಎಂದು ಯಾರಾದರೂ ಕೇಳಿದರೆ, ತಿಳಿಯಬಹುದು. ಆದರೆ ತಾನು ತುಂಬಿಕೊಂಡಿರುವವನಿಗೆ ಅದು ತಿಳಿಯದು ಎಂದು ಉತ್ತರಿಸಬೇಕು. ಕಲಿತೆನೆಂಬ ಹಮ್ಮು, ಕೊಟ್ಟೆನೆಂಬ ಹಮ್ಮು, ಪೂಜಿಸಿದೆನೆಂಬ ಹಮ್ಮು ಇವು ಒಂದೊಂದಾಗಿ ಖಾಲಿಯಾದಷ್ಟೂ ದೇವರಿಗೆ ಎಡೆಯಾಗುತ್ತದೆ. ಬೆಳಗಿನ ಪೂಜೆಗೆ ಕುಳಿತಾಗ ಎಡದ ಕೈಯನ್ನು ನೋಡಿಕೊಳ್ಳಿರಿ. ಹಿಡಿದ ಮುಷ್ಟಿಯಲ್ಲಿ ಲಿಂಗವು ನಿಲ್ಲದು. ಬೆರಳುಗಳನ್ನು ಬಿಚ್ಚಿ ಅಂಗೈಯನ್ನು ಬರಿದುಮಾಡಿದ ಮೇಲೆಯೇ ಅಲ್ಲಿ ಲಿಂಗಕ್ಕೆ ಪೀಠವಾಗುತ್ತದೆ. ಅನಿಮಿಷಯ್ಯನ ಮುಂದೆ ಪ್ರಭುದೇವರು ಒಡ್ಡಿದುದೂ ಅಂತಹ ಬರಿಗೈಯನ್ನೇ.